ಮಂಗಳೂರು–ಉಡುಪಿಯ ದೋಸೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಗೆ ಬರುವ ನೆಂಟರು ಕೇಳುತ್ತಾರೆ. ಮಣಿಪಾಲಕ್ಕೆ ಮಕ್ಕಳನ್ನು ಓದಲು ಬಿಡಲು ಬಂದ ಅಪ್ಪ-ಅಮ್ಮಂದಿರು ಕೇಳುತ್ತಾರೆ. ಕೃಷ್ಣಮಠಕ್ಕೆ ಬಂದ ಬೆಂಗಳೂರಿನ ಗೆಳೆಯರಂತೂ ಬಸ್ಸಿನಿಂದಲೇ ಫೋನ್ ಮಾಡಿ ಕೇಳುತ್ತಾರೆ: "ಇಲ್ಲಿ ಒಳ್ಳೆ ದೋಸೆ ಎಲ್ಲಿ ಸಿಗುತ್ತೆ?" ಯಾವ ದೋಸೆ ಬೇಕು ಅನ್ನುವುದು ಗೊತ್ತಾಗದೆ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಕರಾವಳಿಯಲ್ಲಿ ಹೋಟೆಲ್ ದೋಸೆ ಒಂದು ದಾರಿ, ಮನೆ ದೋಸೆ ಇನ್ನೊಂದು ದಾರಿ. ಹೆಸರು ಬಂದಿದ್ದು ಮೊದಲನೆಯದಕ್ಕೆ. ಆದರೆ ನಮ್ಮ ನೆಲದ ರುಚಿ ಜಾಸ್ತಿ ಇರುವುದು ಎರಡನೆಯದರಲ್ಲಿ ಎಂದು ನಾನು ನಂಬುತ್ತೇನೆ. ಎರಡರ ಬಗ್ಗೆಯೂ ಜನ ಕೇಳುವ ಪ್ರಶ್ನೆಗಳು ಇಲ್ಲಿವೆ.

ಉಡುಪಿ ಮಸಾಲೆ ದೋಸೆಗೂ ಬೆಂಗಳೂರು, ಮೈಸೂರು, ದಾವಣಗೆರೆ ದೋಸೆಗೂ ಏನು ವ್ಯತ್ಯಾಸ?

ಹಿಟ್ಟಿನ ಮೂಲ ಎಲ್ಲ ಕಡೆ ಒಂದೇ. ಅಕ್ಕಿ, ಉದ್ದಿನಬೇಳೆ, ಸ್ವಲ್ಪ ಮೆಂತೆ. ಬದಲಾಗುವುದು ದಪ್ಪ, ಜಿಡ್ಡು ಮತ್ತು ಒಳಗಿನ ಪಲ್ಯ.

ಬೆಂಗಳೂರಿನ ಹಳೆ ಹೋಟೆಲುಗಳ ದೋಸೆ ದಪ್ಪ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ಧಾರಾಳ ತುಪ್ಪ. ಮೈಸೂರು ಮಸಾಲೆ ಎಂದರೆ ಒಳಗೆ ಕೆಂಪು ಚಟ್ನಿ ಬಳಿದಿರಲೇಬೇಕು, ಅದರಲ್ಲಿ ಬೆಳ್ಳುಳ್ಳಿ ಮುಂದೆ ನಿಲ್ಲುತ್ತದೆ. ದಾವಣಗೆರೆಯದು ಬೆಣ್ಣೆಯ ದೋಸೆ. ಅಲ್ಲಿ ಆಲೂಗಡ್ಡೆ ಪಲ್ಯಕ್ಕೆ ಅರಿಶಿನವೂ ಜಾಸ್ತಿ ಇರುವುದಿಲ್ಲ, ಬಿಳಿ ಚಟ್ನಿಯ ಜೊತೆ ಬೆಣ್ಣೆಯೇ ಮಾತಾಡಬೇಕು.

ಉಡುಪಿಯ ಮಸಾಲೆ ದೋಸೆ ಇವುಗಳ ಎದುರು ಸೌಮ್ಯ. ತೆಳ್ಳಗೆ ಹರಡಿರುತ್ತದೆ. ಅಂಚು ಗರಿ, ನಡು ಮೆತ್ತಗೆ. ಒಳಗಿನ ಪಲ್ಯಕ್ಕೆ ನಾವು ಬಾಜಿ ಅನ್ನುತ್ತೇವೆ. ಅದರಲ್ಲಿ ಹಸಿಮೆಣಸು, ಶುಂಠಿ, ಕರಿಬೇವು, ಅರಿಶಿನ ಇರುತ್ತದೆ, ಖಾರ ಹದವಾಗಿರುತ್ತದೆ. ಕೆಂಪು ಚಟ್ನಿ ಹಚ್ಚಿದರೂ ತೆಳುವಾಗಿ ಹಚ್ಚುತ್ತಾರೆ. ಗಾತ್ರವೂ ದೊಡ್ಡದಲ್ಲ. ಒಬ್ಬರು ತಿಂದು, ಕಾಫಿ ಕುಡಿದು, ಎದ್ದು ಕೆಲಸಕ್ಕೆ ಹೋಗುವಷ್ಟು.

ಬೆಂಗಳೂರಿನಿಂದ ಬಂದವರು ಕೆಲವರು "ತುಪ್ಪ ಕಡಿಮೆ ಆಯ್ತಲ್ಲಾ" ಅನ್ನುತ್ತಾರೆ. ನನಗೆ ಅದೇ ಇಷ್ಟ. ತುಪ್ಪ ಕಡಿಮೆಯಾದಾಗ ಹುದುಗಿದ ಹಿಟ್ಟಿನ ಹುಳಿ ನಾಲಿಗೆಗೆ ಸಿಗುತ್ತದೆ. ದೋಸೆಯ ರುಚಿ ಇರುವುದೇ ಆ ಹುಳಿಯಲ್ಲಿ.

ದೋಸೆ ಹುಟ್ಟಿದ್ದು ಉಡುಪಿಯಲ್ಲೇ ಅಲ್ವಾ?

ಹಾಗೆ ಹೇಳಲು ಆಧಾರ ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಧೋಸಕ ಎಂಬ ತಿಂಡಿ ಬರುತ್ತದೆ. ಅದು ಬೇಳೆ ಅರೆದು ಮಾಡುವಂಥದ್ದು. ತಮಿಳು ನಾಡಿನವರೂ ದೋಸೆ ತಮ್ಮದು ಎಂದು ಹಳೆಯ ಕಾವ್ಯಗಳನ್ನು ತೋರಿಸುತ್ತಾರೆ. ಇನ್ನು ಮಸಾಲೆ ದೋಸೆ ಅಷ್ಟು ಹಳೆಯದಾಗಿರಲು ಸಾಧ್ಯವೇ ಇಲ್ಲ. ಆಲೂಗಡ್ಡೆಯೂ ಮೆಣಸಿನಕಾಯಿಯೂ ಅಮೆರಿಕ ಖಂಡದ ಬೆಳೆಗಳು. ಅವು ನಮ್ಮ ಕಡೆ ಬಂದಿದ್ದು ಪೋರ್ಚುಗೀಸರು ಬಂದ ಮೇಲೆ.

ಆದರೆ ಮಸಾಲೆ ದೋಸೆಯನ್ನು ಊರೂರಿಗೆ ತಲುಪಿಸಿದವರಲ್ಲಿ ನಮ್ಮವರು ಮುಂದೆ ಇದ್ದಾರೆ. ಅದನ್ನು ಹೆಮ್ಮೆಯಿಂದಲೇ ಹೇಳಬಹುದು. ಕೋಟದ ಹತ್ತಿರದ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಸಣ್ಣ ಹೋಟೆಲೇ ಮುಂದೆ ಎಂಟಿಆರ್ ಆಯಿತು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನು 1943ರ ಹೊತ್ತಿಗೆ ಶುರು ಮಾಡಿದ ಉರಾಳರೂ ಕರಾವಳಿಯವರು. ಕಡಂದಲೆಯ ಕೃಷ್ಣರಾಯರು ಚಿಕ್ಕ ವಯಸ್ಸಿನಲ್ಲಿ ಉಡುಪಿಯ ಮಠದ ಅಡುಗೆಮನೆಯಲ್ಲಿ ದುಡಿದವರು. ಮದ್ರಾಸಿಗೆ ಹೋಗಿ 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಮುಂಬೈ ಮಾಟುಂಗಾದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ನಡೆಯುತ್ತಿದೆ. ಈ ಊರುಗಳಿಗೆಲ್ಲ ದೋಸೆಯ ಹದ ಹೋಗಿದ್ದು ಮನುಷ್ಯರ ಕೈಯಲ್ಲಿ, ಪುಸ್ತಕದಲ್ಲಿ ಅಲ್ಲ. ಹಾಗಾಗಿಯೇ ಒಂದೊಂದು ಊರಲ್ಲಿ ಒಂದೊಂದು ರೂಪ.

ಉಡುಪಿಯಲ್ಲಿ ಮಸಾಲೆ ದೋಸೆ ಎಲ್ಲಿ ತಿನ್ನಲಿ?

ನನ್ನ ಉತ್ತರ ಒಂದೇ: ರಥಬೀದಿಯ ಮಿತ್ರ ಸಮಾಜ. ಕೃಷ್ಣಮಠದ ಹತ್ತಿರವೇ ಇದೆ. ಜಾಗ ಚಿಕ್ಕದು, ಜನ ಜಾಸ್ತಿ. ಒಂದು ಮೇಜಿನಲ್ಲಿ ಗುರುತಿಲ್ಲದವರ ಜೊತೆ ಕೂರಬೇಕಾಗುತ್ತದೆ. ಸುಮ್ನೆ ಕೂತುಬಿಡಿ. ಮಠದ ಬೀದಿಯ ಪದ್ಧತಿಯಂತೆ ಇಲ್ಲಿನ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಮೊದಲ ಸಲ ತಿನ್ನುವವರಿಗೆ ಬಾಜಿಯಲ್ಲಿ ಏನೋ ಕಡಿಮೆ ಅನ್ನಿಸಬಹುದು. ಅರ್ಧ ದೋಸೆ ಮುಗಿಯುವ ಹೊತ್ತಿಗೆ ಶುಂಠಿ, ಕರಿಬೇವು, ಕಾಯಿ ಬೇರೆ ಬೇರೆಯಾಗಿ ನಾಲಿಗೆಗೆ ಗೊತ್ತಾಗುತ್ತವೆ. ಈರುಳ್ಳಿ ಇದ್ದರೆ ಅವೆಲ್ಲ ಅದರ ಹಿಂದೆ ಅಡಗಿಬಿಡುತ್ತಿದ್ದವು.

ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಇಲ್ಲವೇ ಸಂಜೆ. ಸಂಜೆಯಾದರೆ ಮೈದಾ-ಮೊಸರು ಕಲಸಿ ಉಂಡೆಯಾಗಿ ಕರಿದ ಗೋಳಿಬಜೆಯೂ ಬಿಸಿಬಿಸಿ ಸಿಗುತ್ತದೆ. ದೋಸೆಯ ಮೇಲೆ ಕಾಫಿ ಬೇಡದವರು ಕಷಾಯ ಕೇಳಿ. ಕೊತ್ತಂಬರಿ-ಜೀರಿಗೆಯ ಪುಡಿಗೆ ಹಾಲು, ಬೆಲ್ಲ ಹಾಕಿ ಮಾಡುವ ಕರಾವಳಿಯ ಕಷಾಯ ಮಕ್ಕಳಿಗೂ ಇಷ್ಟವಾಗುತ್ತದೆ. ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯದ ಸಮಯ, ಅಂದರೆ ಎರಡು ವರ್ಷಕ್ಕೊಮ್ಮೆ ಜನವರಿ 18ರ ಆಸುಪಾಸು, ರಥಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಗ ದೋಸೆಗಾಗಿಯೇ ಬರಬೇಡಿ, ಉತ್ಸವ ನೋಡಲು ಬನ್ನಿ.

ವಯಸ್ಸಾದವರು ಜೊತೆಗಿದ್ದು, ಆರಾಮವಾಗಿ ಕೂರಬೇಕು ಎಂದಿದ್ದರೆ ವುಡ್‌ಲ್ಯಾಂಡ್ಸ್ ಒಳ್ಳೆಯದು. ಡಯಾನಾ ಕೂಡ ಹಳೆಯ ಹೆಸರು. ಗಡ್‌ಬಡ್ ಐಸ್‌ಕ್ರೀಮ್ ಹುಟ್ಟಿದ್ದು ಅಲ್ಲೇ ಎಂದು ಊರಲ್ಲಿ ಹೇಳುತ್ತಾರೆ. ದೋಸೆಯ ಮೇಲೆ ಗಡ್‌ಬಡ್ ತಿನ್ನುವ ಶಕ್ತಿ ಇದ್ದವರಿಗೆ ಅದೇ ಸರಿ.

ಮಂಗಳೂರಿನಲ್ಲಿ?

ಮಂಗಳೂರು ದೊಡ್ಡ ಊರು. ಇಲ್ಲಿ ಒಂದೇ ಹೋಟೆಲಿನ ಹೆಸರು ಹೇಳಿದರೆ ಉಳಿದ ಬೀದಿಯವರು ಒಪ್ಪುವುದಿಲ್ಲ. ಕೊಡಿಯಾಲ್‌ಬೈಲಿನ ನ್ಯೂ ತಾಜ್‌ಮಹಲ್ ಕೆಫೆ ನನಗೆ ಬೆಳಗಿನ ತಿಂಡಿಗೆ ಇಷ್ಟ. ಅಲ್ಲಿ ಮೊದಲು ಬನ್ಸ್ ತಿನ್ನಬೇಕು. ಬಾಳೆಹಣ್ಣು, ಮೈದಾ, ಮೊಸರು ಸೇರಿಸಿ ಕಲಸಿ ಕರಿದ ಆ ಬನ್ಸ್‌ನ ಸಿಹಿ ಆದ ಮೇಲೆ ದೋಸೆಯ ಹುಳಿ ಚೆನ್ನಾಗಿ ಹೊಂದುತ್ತದೆ. ಬಂಟ್ಸ್ ಹಾಸ್ಟೆಲ್ ರಸ್ತೆಯ ವುಡ್‌ಲ್ಯಾಂಡ್ಸ್ ಮತ್ತು ಕೊಡಿಯಾಲ್‌ಬೈಲ್ ಕಡೆಯ ಜನತಾ ಡಿಲಕ್ಸ್ ಮನೆಮಂದಿಯ ಜೊತೆ ಹೋಗಲು ಒಳ್ಳೆಯ ಜಾಗಗಳು.

ಮಂಗಳೂರಿನ ಹೋಟೆಲುಗಳಲ್ಲಿ ನಾನು ಹೆಚ್ಚಾಗಿ ಕೇಳುವುದು ಮಸಾಲೆ ಅಲ್ಲ, ತುಪ್ಪ ದೋಸೆ. ಬಾಜಿಯ ಆಸರೆ ಇಲ್ಲದ ದೋಸೆ ಅದು. ಹಿಟ್ಟು ಸರಿ ಇಲ್ಲದಿದ್ದರೆ ತಕ್ಷಣ ಗೊತ್ತಾಗುತ್ತದೆ. ಹೊಸ ಹೋಟೆಲನ್ನು ಅಳೆಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಸಂಜೆ ತಿಂಡಿ ಮುಗಿಸಿ ಲಾಲ್‌ಬಾಗ್ ಕಡೆ ನಡೆದರೆ ಐಡಿಯಲ್‌ನವರ ಐಸ್‌ಕ್ರೀಮ್ ಪಾರ್ಲರ್ ಪಬ್ಬಾಸ್ ಇದೆ. ಅದು ಬೇರೆಯೇ ಪ್ರಶ್ನೋತ್ತರಕ್ಕೆ ಆಗುವಷ್ಟು ದೊಡ್ಡ ವಿಷಯ.

ನೀರ್ ದೋಸೆ ಗರಿಗರಿ ಆಗಿರಬೇಕಾ?

ಬೇಡ. ಗರಿಯಾದರೆ ಅದು ಕೆಟ್ಟ ನೀರ್ ದೋಸೆ. ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಮಸಾಲೆ ದೋಸೆಯ ಅಳತೆಗೋಲನ್ನು ಹಿಡಿದು ನೀರ್ ದೋಸೆಯನ್ನು ಅಳೆಯುವವರು ತುಂಬ ಜನ.

ಮಸಾಲೆ ದೋಸೆಯ ಹಿಟ್ಟಿನಲ್ಲಿ ಉದ್ದು ಇದೆ, ಅದು ರಾತ್ರಿಯಿಡೀ ಹುದುಗುತ್ತದೆ, ಕಾವಲಿಯ ಮೇಲೆ ಸೌಟಿನಿಂದ ತಿರುಗಿಸಿ ಹರಡುತ್ತೇವೆ, ಕೆಂಪಾಗುವ ತನಕ ಕಾಯುತ್ತೇವೆ. ನೀರ್ ದೋಸೆಯಲ್ಲಿ ಇದು ಯಾವುದೂ ಇಲ್ಲ. ಉದ್ದು ಇಲ್ಲ, ಹುದುಗುವುದಿಲ್ಲ, ಹರಡುವುದಿಲ್ಲ, ಕೆಂಪು ಮಾಡುವುದಿಲ್ಲ, ತಿರುವಿ ಹಾಕುವುದೂ ಇಲ್ಲ. ಬೆಳ್ತಿಗೆ ಅಕ್ಕಿ (ಕುಚ್ಚದ ಬಿಳಿ ಅಕ್ಕಿ) ನೆನೆಸಿ, ನುಣ್ಣಗೆ ಅರೆದು, ಮಜ್ಜಿಗೆಯಷ್ಟು ನೀರು ಮಾಡಿ, ಕಾದ ಕಾವಲಿಗೆ ಎರೆದು ಮುಚ್ಚಳ ಮುಚ್ಚುವುದು. ಅರ್ಧ ಬೇಯುವುದು ಕಾವಲಿಯ ಬಿಸಿಗೆ, ಅರ್ಧ ಹಬೆಗೆ. ಬಿಳಿಯಾಗಿ, ಒದ್ದೆ ಇಲ್ಲದೆ, ಮೆತ್ತಗೆ, ಬಲೆಯ ಹಾಗೆ ತೂತು ತೂತಾಗಿ ಬರಬೇಕು. ಮಡಚಿದರೆ ಮುರಿಯಬಾರದು.

ಹೋಟೆಲಿನಲ್ಲಿ ಇದು ಮನೆಯ ಹಾಗೆ ಬರುವುದು ಕಷ್ಟ. ನೀರ್ ದೋಸೆಯ ಆಯಸ್ಸು ಕೆಲವೇ ನಿಮಿಷ. ಕಾವಲಿಯಿಂದ ಎದ್ದ ಕೂಡಲೇ ತಟ್ಟೆಗೆ ಬಂದರೆ ಮಾತ್ರ ಚೆನ್ನ. ಮೊದಲೇ ಎರೆದು ಒಂದರ ಮೇಲೊಂದು ಇಟ್ಟರೆ ಹಬೆಗೆ ಅಂಟಿಕೊಳ್ಳುತ್ತದೆ, ಆರಿದರೆ ರಬ್ಬರಿನಂತೆ ಆಗುತ್ತದೆ. ಹಾಗಾಗಿ ಹೋಟೆಲಿನಲ್ಲಿ ಕೇಳುವುದಾದರೆ ಜನ ಇರುವ ಹೊತ್ತಿನಲ್ಲಿ ಕೇಳಿ, ಒಂದು ಪ್ಲೇಟ್ ಮುಗಿದ ಮೇಲೆ ಇನ್ನೊಂದು ಹೇಳಿ. ಜೊತೆಗೆ ಕಾಯಿ-ಬೆಲ್ಲ ಇದೆಯಾ ಎಂದು ವಿಚಾರಿಸಿ. ತುರಿದ ತೆಂಗಿನಕಾಯಿಗೆ ಬೆಲ್ಲ ಕಲಸಿದ್ದು, ಅಷ್ಟೇ. ನೀರ್ ದೋಸೆಗೆ ಅದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ.

ನೀರ್ ದೋಸೆ ಮನೆಯಲ್ಲಿ ಮಾಡಿದರೆ ಕಾವಲಿಗೆ ಅಂಟುತ್ತದೆ. ಏನು ಮಾಡಲಿ?

ಮೂರು ಕಡೆ ನೋಡಿ. ಮೊದಲನೆಯದು ಅಕ್ಕಿ. ಹೊಸ ಅಕ್ಕಿಯಲ್ಲಿ ಅಂಟು ಜಾಸ್ತಿ, ಹಳೆ ಬೆಳ್ತಿಗೆ ಅಕ್ಕಿಯೇ ಬೇಕು. ಊಟದ ಕುಚ್ಚಲಕ್ಕಿ ಇದಕ್ಕೆ ಆಗುವುದಿಲ್ಲ. ಎರಡನೆಯದು ಬಿಸಿ. ಹಿಟ್ಟು ಬಿದ್ದ ಕೂಡಲೇ ಚುಯ್ ಎಂದು ಸದ್ದು ಬರಬೇಕು, ತೂತುಗಳು ತಾನಾಗಿಯೇ ಏಳಬೇಕು. ಸದ್ದು ಬರದಿದ್ದರೆ ಕಾವಲಿ ಇನ್ನೂ ಕಾದಿಲ್ಲ. ಮೂರನೆಯದು ಕಾವಲಿ. ನಿನ್ನೆ ಅದರಲ್ಲಿ ಚಪಾತಿ ಸುಟ್ಟಿದ್ದರೆ ಇವತ್ತು ನೀರ್ ದೋಸೆ ಏಳುವುದಿಲ್ಲ.

ಅಳತೆ ಹೀಗೆ: ಎರಡು ಲೋಟ ಅಕ್ಕಿ, ನಾಲ್ಕೈದು ಗಂಟೆ ನೆನೆಸುವುದು. ಅರೆಯುವಾಗ ಒಂದು ಹಿಡಿ ಕಾಯಿತುರಿ ಹಾಕಿದರೆ ದೋಸೆ ಇನ್ನೂ ಮೆತ್ತಗಾಗುತ್ತದೆ. ಉಪ್ಪು, ನೀರು ಸೇರಿಸಿ. ಎರೆಯುವಾಗ ಅಂಚಿನಿಂದ ಶುರು ಮಾಡಿ ನಡುವಿಗೆ ಬನ್ನಿ. ಅಕ್ಕಿ ತಳಕ್ಕೆ ಕೂರುತ್ತದೆ, ಅದಕ್ಕೇ ಪ್ರತಿ ಸಲವೂ ಸೌಟು ಹಾಕಿ ತಳದಿಂದ ಕಲಕಿ. ಇದೊಂದನ್ನು ಮರೆತರೆ ಮೊದಲ ದೋಸೆಗಳು ನೀರಾಗಿ ಹರಿಯುತ್ತವೆ, ಕೊನೆಯವು ರೊಟ್ಟಿಯಂತೆ ದಪ್ಪ ಆಗುತ್ತವೆ.

ಮೀನು, ಕೋಳಿ ತಿನ್ನುವವರಿಗೆ ಯಾವ ದೋಸೆ?

ನೀರ್ ದೋಸೆಯೇ. ಕೋರಿ ಗಸಿಯ (ಕಾಯಿ ಅರೆದ ಕೋಳಿ ಸಾರು) ಜೊತೆ, ಬಂಗುಡೆ ಮೀನಿನ ಗಸಿಯ ಜೊತೆ. ಹುದುಗಿದ ದೋಸೆಗೆ ತನ್ನದೇ ಹುಳಿ ಇರುವುದರಿಂದ ಗಸಿಯ ಹುಣಸೆ ಹುಳಿಗೆ ಅಡ್ಡ ಬರುತ್ತದೆ. ನೀರ್ ದೋಸೆ ತಾನು ಹಿಂದೆ ಸರಿದು ಗಸಿಗೆ ಜಾಗ ಬಿಡುತ್ತದೆ. ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನ ಚಿಕನ್ ಘೀ ರೋಸ್ಟ್ ಹೆಸರು ಕೇಳಿರುತ್ತೀರಿ. ಬ್ಯಾಡಗಿ ಮೆಣಸು, ತುಪ್ಪ, ಹುಳಿಯ ಆ ಗಟ್ಟಿ ಮಸಾಲೆಯನ್ನು ನೀರ್ ದೋಸೆಯ ತುಂಡಿನಲ್ಲಿ ಒರೆಸಿ ತಿನ್ನಬೇಕು. ಉಡುಪಿಯಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರೆ ಒಂದು ಗಂಟೆಯೊಳಗೆ ಕುಂದಾಪುರ ಸಿಗುತ್ತದೆ. ಹೋಗಿ ಬನ್ನಿ.

ಹೋಟೆಲ್ ಮೆನುವಿನಲ್ಲಿ ಇಲ್ಲದ ದೋಸೆಗಳು ಯಾವುವು?

ಈ ಪ್ರಶ್ನೆಯನ್ನು ಜನ ಇನ್ನೂ ಜಾಸ್ತಿ ಕೇಳಬೇಕು ಎಂದು ನನ್ನ ಆಸೆ.

ಕರಾವಳಿಯ ಮನೆಗಳಲ್ಲಿ ದೋಸೆ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಬೇಸಿಗೆಯಲ್ಲಿ ಕಲ್ಲಂಗಡಿ ತಿಂದ ಮೇಲೆ ಸಿಪ್ಪೆ ಎಸೆಯುವುದಿಲ್ಲ. ಹೊರಗಿನ ಹಸಿರು ಹೆರೆದು, ಒಳಗಿನ ಬಿಳಿ ಭಾಗವನ್ನು ಅಕ್ಕಿಯ ಜೊತೆ ಅರೆದರೆ ಕಲ್ಲಂಗಡಿ ದೋಸೆ. ಉದ್ದು ಬೇಡ, ಮೆತ್ತಗೆ ಬರುತ್ತದೆ. ಏಪ್ರಿಲ್, ಮೇ ಬಂದರೆ ಹಲಸಿನಕಾಯಿ ದೋಸೆ. ಬಲಿತ ಕಾಯಿಯ ತೊಳೆ ಅರೆದು ಮಾಡುವ ಈ ದೋಸೆಯನ್ನು ತೆಂಗಿನೆಣ್ಣೆ ಹಾಕಿ ಕೆಂಪಗೆ ಕಾಯಿಸಬೇಕು. ಇದು ಮಾತ್ರ ಗರಿಗರಿ ಬರುತ್ತದೆ. ಹಣ್ಣಾದ ಮೇಲೆ ಅದೇ ತೊಳೆಗೆ ಬೆಲ್ಲ ಸೇರಿ ಸಿಹಿ ದೋಸೆ. ಮಳೆ ಹಿಡಿದು ಆಟಿ ತಿಂಗಳು (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಬಂದಾಗ ತಗತೆ ಸೊಪ್ಪು, ತುಳುವಿನ ತಜಂಕ್, ಹಿತ್ತಿಲಲ್ಲೇ ಚಿಗುರುತ್ತದೆ. ಅದನ್ನು ಹೆಚ್ಚಿ ಖಾರದ ಹಿಟ್ಟಿಗೆ ಹಾಕಿ ದೋಸೆ ಎರೆಯುತ್ತಾರೆ. ಮುಳ್ಳುಸೌತೆ ಬಲಿತರೆ ಸೌತೆಕಾಯಿ ದೋಸೆ. ನುಗ್ಗೆ ಸೊಪ್ಪಿನದೂ ಇದೆ, ಮೆಂತೆ ದೋಸೆಯಂತೂ ವರ್ಷವಿಡೀ ಇರುತ್ತದೆ.

ಕೊಂಕಣಿ ಮಾತಾಡುವ ಮನೆಗಳಲ್ಲಿ ನೀರ್ ದೋಸೆಗೆ ಪಾನ್‌ಪೊಳೊ ಎಂದು ಹೆಸರು. ಅವರ ಸುರ್ನಳಿಯನ್ನು ಒಮ್ಮೆಯಾದರೂ ತಿನ್ನಲೇಬೇಕು. ಅಕ್ಕಿ, ಅವಲಕ್ಕಿ, ಕಾಯಿ, ಮಜ್ಜಿಗೆ, ಬೆಲ್ಲ, ಅರಿಶಿನ ಹಾಕಿ ಹುದುಗಿಸಿದ ಹಳದಿ ದೋಸೆ. ದಪ್ಪ, ಮೇಲೆಲ್ಲ ತೂತು. ಒಂದೇ ಬದಿ ಬೇಯಿಸಿ ಬೆಣ್ಣೆ ಇಟ್ಟು ಕೊಡುತ್ತಾರೆ. ಬೆಣ್ಣೆ ಕರಗಿ ತೂತಿನೊಳಗೆ ಇಳಿಯುತ್ತದೆ. ಖಾರ ಬೇಕೆಂದರೆ ಅಕ್ಕಿ, ತೊಗರಿಬೇಳೆ, ಒಣಮೆಣಸು ಅರೆದು ಈರುಳ್ಳಿಯೋ ಕ್ಯಾಬೇಜೋ ಹಾಕಿದ ಸಣ್ಣ ಪೊಳೊ.

ಇವುಗಳಲ್ಲಿ ಒಂದೆರಡು ಅಪರೂಪಕ್ಕೆ ಹೋಟೆಲಿನಲ್ಲಿ ಸಿಗಬಹುದು, ಆಟಿಯ ಹೊತ್ತಿಗೆ ನಡೆಯುವ ಕೂಟಗಳಲ್ಲೂ ಸಿಗುತ್ತವೆ. ಉಳಿದಂತೆ ಮನೆಗೇ ಹೋಗಬೇಕು. ಕರಾವಳಿಯ ಗೆಳೆಯರಿದ್ದರೆ ನಾಚಿಕೆ ಬಿಟ್ಟು ಕೇಳಿ. ದೋಸೆ ಕೇಳಿದವರನ್ನು ಇಲ್ಲಿ ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ.

ಚಾತುರ್ಮಾಸ್ಯದಲ್ಲಿ ಮಠದ ಪದ್ಧತಿ ಪಾಲಿಸುವವರು ದೋಸೆ ತಿನ್ನಬಹುದಾ?

ತಿಂಗಳ ಮೇಲೆ ಹೋಗುತ್ತದೆ. ನಾಲ್ಕು ತಿಂಗಳಿಗೆ ನಾಲ್ಕು ವ್ರತ: ಮೊದಲು ಶಾಕ ವ್ರತ, ಆಮೇಲೆ ದಧಿ, ಕ್ಷೀರ, ಕೊನೆಗೆ ದ್ವಿದಳ. ಕೊನೆಯ ತಿಂಗಳು, ಅಂದರೆ ಅಕ್ಟೋಬರ್-ನವೆಂಬರ್ ಹೊತ್ತಿಗೆ ಬರುವ ದ್ವಿದಳ ವ್ರತದಲ್ಲಿ ಬೇಳೆಕಾಳು ನಿಷಿದ್ಧ. ಉದ್ದು ಇಲ್ಲದೆ ಮಸಾಲೆ ದೋಸೆ ಆಗುವುದಿಲ್ಲ, ಮೆಂತೆಯೂ ಬಿಟ್ಟುಹೋಗುತ್ತದೆ. ಆಗ ಅಕ್ಕಿ, ಕಾಯಿ, ಉಪ್ಪು ಮಾತ್ರ ಇರುವ ನೀರ್ ದೋಸೆ ಕೈ ಹಿಡಿಯುತ್ತದೆ.

ಇಲ್ಲಿ ಸಾಂಬಾರ್ ಯಾಕೆ ಸಿಹಿ?

ಸ್ವಲ್ಪ ಬೆಲ್ಲ ಹಾಕುತ್ತಾರೆ, ಹುರಿದ ಮಸಾಲೆಯ ಜೊತೆ ತೆಂಗಿನಕಾಯಿ ಅರೆದು ಹಾಕುತ್ತಾರೆ. ಕಾಯಿಗೂ ತನ್ನದೇ ಸಿಹಿ ಇದೆ. ಹುಣಸೆಯ ಹುಳಿ, ಬ್ಯಾಡಗಿಯ ಖಾರ, ಬೆಲ್ಲ ಮೂರೂ ಸಮ ಇದ್ದಾಗ ಅದು ಒಳ್ಳೆಯ ಸಾಂಬಾರ್. ಬೆಲ್ಲವೇ ಎದ್ದು ಕಂಡರೆ ಅಡುಗೆಯವರ ಕೈ ಜಾಸ್ತಿ ಹೋಗಿದೆ ಅಂತ ಅರ್ಥ. ದೋಸೆಗೆ ಚಟ್ನಿಯೇ ಮುಖ್ಯ ಅನ್ನುವವನು ನಾನು, ಸಾಂಬಾರ್ ಪಕ್ಕಕ್ಕಿರಲಿ.

ಹಿಟ್ಟು ಇಲ್ಲಿ ಬೇಗ ಹುಳಿ ಬರುತ್ತದೆ, ಬೆಂಗಳೂರಿನಲ್ಲಿ ಬರುವುದೇ ಇಲ್ಲ. ಯಾಕೆ?

ಹಿಟ್ಟನ್ನು ಹುದುಗಿಸುವುದು ಅಕ್ಕಿ-ಉದ್ದಿನ ಜೊತೆಗೇ ಬರುವ ಬ್ಯಾಕ್ಟೀರಿಯಾಗಳು. ಲ್ಯುಕೊನೊಸ್ಟಾಕ್ ಮೆಸೆಂಟರಾಯ್ಡ್ಸ್ ಎಂಬುದು ಅದರಲ್ಲಿ ಮುಖ್ಯ. ಅದು ಹುಳಿಯನ್ನೂ ಮಾಡುತ್ತದೆ, ಹಿಟ್ಟು ಉಬ್ಬಲು ಬೇಕಾದ ಅನಿಲವನ್ನೂ ಮಾಡುತ್ತದೆ. ಅರೆದ ಉದ್ದಿನ ಲೋಳೆ ಆ ಗುಳ್ಳೆಗಳನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ, ಮೆಂತೆಯ ಅಂಟು ಅದಕ್ಕೆ ಸಹಾಯ ಮಾಡುತ್ತದೆ. ಇದೆಲ್ಲ ನಡೆಯಲು ಬೆಚ್ಚಗಿರಬೇಕು. ಮಂಗಳೂರಿನ ಸೆಕೆಗೆ ಬೇಸಿಗೆಯಲ್ಲಿ ಆರೆಂಟು ಗಂಟೆ ಸಾಕು. ರಾತ್ರಿ ತಡವಾಗಿ ಅರೆದರೂ ಬೆಳಿಗ್ಗೆ ಸರಿ ಇರುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಸಂಜೆಯೇ ಅರೆದು ಬೆಚ್ಚಗಿನ ಮೂಲೆಯಲ್ಲಿ ಇಡಬೇಕು.

ಮನೆಯ ಅಳತೆಗೆ ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು, ಒಂದು ಚಮಚ ಮೆಂತೆ, ಒಂದು ಹಿಡಿ ಅವಲಕ್ಕಿ. ಹುಳಿ ಜಾಸ್ತಿಯಾದರೆ ಸೋಡಾ ಹಾಕಿ ಸರಿ ಮಾಡಲು ಹೋಗಬೇಡಿ, ರುಚಿ ಕೆಡುತ್ತದೆ. ಈರುಳ್ಳಿ, ಹಸಿಮೆಣಸು ಹಾಕಿ ದಪ್ಪ ದೋಸೆ ಮಾಡಿ ಮುಗಿಸಿ.

ಪಿಜ್ಜಾ ದೋಸೆ, ಚೀಸ್ ದೋಸೆ ಬಗ್ಗೆ ಏನನ್ನುತ್ತೀರಿ?

ಮಣಿಪಾಲದ ಕಡೆ ಕಾಲೇಜು ಮಕ್ಕಳು ಖುಷಿಯಿಂದ ತಿನ್ನುತ್ತಾರೆ, ತಿನ್ನಲಿ. ನನಗೆ ಹಿಡಿಸದ ಕಾರಣ ಇಷ್ಟೇ: ಪಿಜ್ಜಾದ ತಳ ಗೋಧಿ ಹಿಟ್ಟಿನದು, ಅದರ ಅಂಟಿಗೆ ಟೊಮೆಟೊ, ಚೀಸ್, ತರಕಾರಿಯ ಭಾರ ಹೊರುವ ಶಕ್ತಿ ಇದೆ. ಅಕ್ಕಿಯ ತೆಳು ದೋಸೆಗೆ ಅದು ಇಲ್ಲ. ಮೇಲಿನಿಂದ ನೀರು ಬಿಟ್ಟುಕೊಂಡು ಎರಡೇ ನಿಮಿಷದಲ್ಲಿ ದೋಸೆ ಒದ್ದೆಯಾಗುತ್ತದೆ. ಹಾಗೆ ಏನಾದರೂ ಹಾಕಿ ತಿನ್ನಲೇಬೇಕು ಎಂದಿದ್ದರೆ ಈರುಳ್ಳಿ ಹಾಕಿದ ದಪ್ಪ ದೋಸೆಯ ಮೇಲೆ ಹಾಕಿಸಿಕೊಳ್ಳಿ.

ಗೋಧಿ ಆಗದವರು ಎಲ್ಲ ದೋಸೆಯನ್ನೂ ತಿನ್ನಬಹುದಾ?

ಇಲ್ಲ. ಅಕ್ಕಿ-ಉದ್ದಿನಲ್ಲಿ ಗ್ಲುಟೆನ್ ಇಲ್ಲ, ನೀರ್ ದೋಸೆಯಲ್ಲೂ ಇಲ್ಲ. ರವೆ ದೋಸೆಯಲ್ಲಿ ಇದೆ, ರವೆ ಗೋಧಿಯದೇ. ಅಂಗಡಿಯ ಇಂಗಿನಲ್ಲಿಯೂ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಅದು ಸಾಂಬಾರಿಗೂ ಚಟ್ನಿಯ ಒಗ್ಗರಣೆಗೂ ಬೀಳುತ್ತದೆ. ತೀವ್ರ ತೊಂದರೆ ಇರುವವರು ಕೇಳಿಕೊಂಡೇ ತಿನ್ನಿ.

ಕಬ್ಬಿಣದ ಕಾವಲಿಯೇ ಬೇಕಾ? ನಾನ್‌ಸ್ಟಿಕ್ ಆಗಲ್ವಾ?

ಆಗುತ್ತದೆ, ಆದರೆ ನೀರ್ ದೋಸೆಯ ತೂತುಗಳು ಎರಕದ ಕಬ್ಬಿಣದಲ್ಲಿ ಬರುವಷ್ಟು ಚೆನ್ನಾಗಿ ಬರುವುದಿಲ್ಲ. ಎರಕದ ಕಾವಲಿ ದಪ್ಪ, ಬಿಸಿ ಹಿಡಿದಿಡುತ್ತದೆ. ತಣ್ಣಗಿನ ಹಿಟ್ಟು ಬಿದ್ದರೂ ಬಿಸಿ ಇಳಿಯುವುದಿಲ್ಲ. ಹೊಸ ಕಾವಲಿ ತಂದರೆ ತೊಳೆದು, ಕೆಲವು ದಿನ ಎಣ್ಣೆ ಸವರಿ ಕಾಯಿಸಿ ಆರಿಸಿ. ಮೊದಲು ಈರುಳ್ಳಿ ಹುರಿಯಿರಿ, ಆಮೇಲೆ ದಪ್ಪ ಉದ್ದಿನ ದೋಸೆ ಎರೆಯಿರಿ. ಅದು ಸಲೀಸಾಗಿ ಎದ್ದ ಮೇಲೆ ನೀರ್ ದೋಸೆಗೆ ಕೈ ಹಾಕಿ.

ಎಣ್ಣೆ ಸವರಲು ಬದನೆಕಾಯಿಯ ತೊಟ್ಟಿನ ಭಾಗ, ಅರ್ಧ ಈರುಳ್ಳಿ ಅಥವಾ ತೆಂಗಿನ ನಾರಿನ ಕಟ್ಟು ಬಳಸುತ್ತಾರೆ. ನನಗೆ ಬದನೆ ತೊಟ್ಟು ಸರಿ ಬರುತ್ತದೆ, ಎಣ್ಣೆ ಹದವಾಗಿ ಹಿಡಿದು ತೆಳುವಾಗಿ ಬಿಡುತ್ತದೆ. ದೋಸೆಯ ಕಾವಲಿಯಲ್ಲಿ ಮೀನು ಕಾಯಿಸಬೇಡಿ, ಚಪಾತಿಗೂ ಕೊಡಬೇಡಿ. ಸೋಪು ಹಾಕಿ ಉಜ್ಜುವುದೂ ಬೇಡ, ಬಿಸಿ ಇರುವಾಗಲೇ ಬಟ್ಟೆಯಿಂದ ಒರೆಸಿ ಎಣ್ಣೆ ಸವರಿ ಇಟ್ಟರೆ ಸಾಕು.